ಬ್ಯೂರೆಟ್ ಮೇಡಂ ಮತ್ತು ಕಾಜಕ್ಕನ ಬಾವಿ

ಅವರಿಗೆ ಬ್ಯೂರೆಟ್ ಮೇಡಂ ಎಂದು ಹೆಸರಿಟ್ಟ ಹುಡುಗರು ಯಾವ ಬ್ಯಾಚಿನವರೋ, ಈಗ ಅವರ ಮಕ್ಕಳೇ ಕಾಲೇಜಿಗೆ ಬರುವ ಹೊತ್ತಾಗಿದೆ. ಬ್ಯೂರೆಟ್ ಎಂದರೆ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿ ನಿಲ್ಲಿಸುವ ಉದ್ದನೆಯ ಗಾಜಿನ ಕೊಳವೆ. ಮೈತುಂಬ ಗೆರೆ, ಕೆಳಗೊಂದು ತಿರುಪು, ಬಿಟ್ಟರೆ ಹನಿಹನಿಯಾಗಿ ಮಾತ್ರ ಬಿಡುತ್ತದೆ. ಮೇಡಂ ಕೂಡ ಹಾಗೆಯೇ ಉದ್ದಕ್ಕೆ, ಸಣ್ಣಕ್ಕೆ ಇದ್ದರು. ಅಂಕವನ್ನು ಹನಿಹನಿಯಾಗಿ ಕೊಡುತ್ತಿದ್ದರು. ಹೆಸರು ಕಿವಿಗೆ ಬಿದ್ದಾಗ ಅವರಿಗೆ ಕೋಪವೇನೂ ಬರಲಿಲ್ಲ. "ಸದ್ಯ, ಪಿಪೆಟ್ ಅನ್ನಲಿಲ್ಲ. ಅದನ್ನ ಬಾಯಿಟ್ಟು ಹೀರ್ತಾರೆ" ಎಂದು ಸ್ಟಾಫ್ ರೂಮಿನಲ್ಲಿ ನಕ್ಕಿದ್ದರು.

ಆ ಲ್ಯಾಬಿನಲ್ಲಿ ನಡೆಯುತ್ತಿದ್ದದ್ದು ಹಾಡಿದ್ದೇ ಹಾಡೋ ಕಿಸಬಾಯಿ ದಾಸನ ಪಾಠ. ವರ್ಷವರ್ಷವೂ ಅದೇ ಪ್ರಯೋಗ, ಅದೇ ದ್ರಾವಣ. ದ್ರಾವಣ ಕಲಸಿದವರೇ ಮೇಡಂ ಆದ್ದರಿಂದ ಅದರಲ್ಲಿ ಏನು ಎಷ್ಟಿದೆ ಎಂದು ಅವರಿಗೆ ಮೊದಲೇ ಗೊತ್ತು. ವಿದ್ಯಾರ್ಥಿಯ ಉತ್ತರ ಅದಕ್ಕೆ ಹತ್ತಿರ ಬಂದಷ್ಟೂ ಅಂಕ ಹೆಚ್ಚು. ಹೀಗಿದ್ದ ಮೇಲೆ ಮಕ್ಕಳೇನು ದಡ್ಡರೇ? ತನ್ನದು ತಪ್ಪಿದೆ ಅನ್ನಿಸಿದರೆ ಅಕ್ಕಪಕ್ಕದವರಿಗೆ ಏನು ಬಂದಿದೆ ಎಂದು ಕದ್ದು ನೋಡಿ, ತನ್ನ ಅಂಕಿಯನ್ನು ಒಂಚೂರು ಅತ್ತಿತ್ತ ಎಳೆದು ಬರೆಯುತ್ತಿದ್ದರು. ಇದಕ್ಕೆ ಲ್ಯಾಬಿನ ಭಾಷೆಯಲ್ಲಿ 'ರೀಡಿಂಗ್ ಕೂಡಿಸೋದು' ಎಂದು ಹೆಸರು. ಮೇಡಂಗೆ ಇದು ಗೊತ್ತಿರಲಿಲ್ಲ ಎಂದರೆ ನೀವು ನಗುತ್ತೀರಿ. ಏಪ್ರನ್ ಹಾಕದವರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದ ಹೆಂಗಸು ಇದೊಂದನ್ನು ಮಾತ್ರ ಕಂಡೂ ಕಾಣದಂತೆ ಇದ್ದುಬಿಡುತ್ತಿದ್ದರು. ಮಕ್ಕಳು ಹೆಚ್ಚು, ಬ್ಯೂರೆಟ್ಟು ಕಡಿಮೆ, ಗಂಟೆ ಹೊಡೆಯುವುದರೊಳಗೆ ಎಲ್ಲರದ್ದೂ ಮುಗಿಯಬೇಕು. ಬಂದದ್ದನ್ನೇ ಬರೆಯಿರಿ ಎಂದು ಹಟ ಹಿಡಿದರೆ ಅರ್ಧ ಕ್ಲಾಸು ಫೇಲಾಗುತ್ತಿತ್ತು. ಇದರಿಂದ ಯಾರಿಗೇನು ನಷ್ಟ? ದ್ರಾವಣವನ್ನು ಕೊನೆಗೆ ಸಿಂಕಿಗೆ ತಾನೇ ಚೆಲ್ಲುವುದು.

ಮನೆಯಲ್ಲಿ ಅವರೂ ಅವರ ತಂಗಿಯೂ ಇಬ್ಬರೇ. ಮೇಡಂ ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ "ಪುರುಸೊತ್ತಾಗಲಿಲ್ಲ" ಎನ್ನುತ್ತಿದ್ದರು. ತಂಗಿ ಗಂಡ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನು ಸಮೇತ ಅಕ್ಕನ ಮನೆಗೆ ಬಂದವಳು. ಮುಂದಿನ ಕೋಣೆಯೇ ಅವಳ ಟೈಲರಿಂಗ್ ಅಂಗಡಿ. ನೆಲದ ತುಂಬ ಬಟ್ಟೆಯ ಚೂರು, ಗೂಟಕ್ಕೆ ನೇತುಹಾಕಿದ ಅರೆಬರೆ ಅಂಗಿಗಳು. ಕಾಲೇಜಿನಲ್ಲಿ ಹುಲಿಯಾಗಿದ್ದ ಅಕ್ಕ ಇಲ್ಲಿ ಇಲಿ. "ಅಕ್ಕ, ಕಾಲು ತೆಗಿ, ತೋಳು ಬಿದ್ದಿದೆ" ಎಂದರೆ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ ಕಾಲು ತೆಗೆಯುತ್ತಿದ್ದರು.

ಹೀಗೆ ಸಾಗಿದ್ದ ಬದುಕಿಗೆ ಮೇಲಿನಿಂದ ಒಂದು ಸುತ್ತೋಲೆ ಬಂತು. ಇನ್ನು ಮುಂದೆ ಬಿ.ಎಸ್ಸಿ. ಮಕ್ಕಳು ಪುಸ್ತಕದ ಪ್ರಯೋಗ ಮಾಡಿದರಷ್ಟೇ ಸಾಲದು, ಸ್ವಂತವಾಗಿ ಒಂದು ಸಂಶೋಧನೆ ಮಾಡಬೇಕು. ಅದರಿಂದ ಸುತ್ತಲಿನ ಜನಕ್ಕೆ ಏನಾದರೂ ಸೇವೆಯೂ ಆಗಬೇಕು. ಎರಡೂ ಸೇರಿ ಒಂದೇ ಕೋರ್ಸು. ಸ್ಟಾಫ್ ರೂಮಿನಲ್ಲಿ ಗೊಣಗಾಟ ಶುರುವಾಯಿತು. ಲ್ಯಾಬಿಗೆ ಡಿಸ್ಟಿಲ್ಡ್ ವಾಟರ್ ತರಿಸಿಕೊಡುವವರಿಲ್ಲ, ಇನ್ನು ಊರುದ್ಧಾರ ಬೇರೆ! ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಆಡಿಕೊಂಡರು. ಭೌತಶಾಸ್ತ್ರದವರು ಮಕ್ಕಳ ಕೈಯಲ್ಲಿ ಪಾರ್ಕು ಗುಡಿಸಿಸಿ, ಎದ್ದ ಧೂಳನ್ನು ಅಳೆದು ಕೈತೊಳೆದುಕೊಂಡರು.

ಬ್ಯೂರೆಟ್ ಮೇಡಂಗೆ ಮಾತ್ರ ಆ ವಯಸ್ಸಿನಲ್ಲಿ ಹೊಸ ಹುರುಪು ಬಂತು. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಅವರ ಕೈಗೆ ಸಿಕ್ಕಿ ಎಷ್ಟು ಕಾಲವಾಗಿತ್ತೋ. ಅದು ಸಿಕ್ಕಿದ್ದೂ ಮನೆಯಲ್ಲೇ, ತಂಗಿಯ ಅಂಗಡಿಯಲ್ಲಿ.

ತಂಗಿ ಹೊಲಿದ ಅಂಗಿಗಳಿಗೆ ಗುಂಡಿ ಹಾಕಿ, ಗುಂಡಿಯ ತೂತು ಹೊಲಿದು ತರುವವಳು ಕಾಜಕ್ಕ. ಆ ತೂತಿನ ಹೊಲಿಗೆಗೆ ಟೈಲರುಗಳು ಕಾಜಾ ಎನ್ನುತ್ತಾರೆ; ಅವಳ ನಿಜವಾದ ಹೆಸರು ಅವಳ ಗಂಡನಿಗಾದರೂ ನೆನಪಿತ್ತೋ ಇಲ್ಲವೋ. ಗಂಟು ಇಳಿಸಿ ಕೂತವಳು ಒಂದು ದಿನ ಕೇಳಿದಳು.

"ಮೇಡಂ, ನೀವು ನೀರು ಟೆಸ್ಟ್ ಮಾಡ್ತೀರಂತಲ್ಲ. ನಮ್ಮ ಬೀದೀಲಿ ನಲ್ಲಿ ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ. ಎಲ್ಲರೂ ಬಾವಿ ನೀರೇ ಕುಡಿಯೋದು. ಮಗಳು ಕೂಸಿಗೆ ಅಂತ ಕ್ಯಾನ್ ನೀರು ತರಿಸ್ತಾಳೆ. ನಮ್ಮ ನೀರು ಅಷ್ಟು ಕೆಟ್ಟದ್ದಾ?"

"ನೋಡಿ ಹೇಳ್ತೀನಿ ಕಾಜಕ್ಕ. ನಿಮ್ಮದೊಂದೇ ಅಲ್ಲ, ಇಡೀ ಬೀದಿದು ನೋಡಿಬಿಡೋಣ" ಎಂದರು ಮೇಡಂ.

ಮುಂದಿನ ವಾರ ಬಾಟಲಿಗಳನ್ನು ಹೊತ್ತ ಮಕ್ಕಳ ದಂಡು ಆ ಬೀದಿಗೆ ನುಗ್ಗಿತು. ಒಬ್ಬರ ಮನೆಯಲ್ಲಿ ಹಗ್ಗ ಹಿಡಿದು ನೀರು ಸೇದುವುದು ಹೇಗೆಂದು ಗೊತ್ತಿಲ್ಲದೆ ಬಿಂದಿಗೆ ಬಾವಿಗೆ ಬಿತ್ತು. ಜಗಲಿಯ ಮೇಲೆ ಕೂತ ಮುದುಕರೊಬ್ಬರು, "ನಮ್ಮ ಅಳಿಯನ್ನೂ ಒಂದ್ಸಲ ಟೆಸ್ಟ್ ಮಾಡಮ್ಮ, ಒಳಗೇನಿದೆ ಅಂತ ನಮಗಂತೂ ಗೊತ್ತಾಗ್ತಿಲ್ಲ" ಎಂದರು. ಈ ದಂಡಿನ ನಾಯಕಿ ಫಸ್ಟ್ ಬೆಂಚು. ಮೊದಲ ವರ್ಷದಿಂದಲೂ ಮೊದಲ ಬೆಂಚಿನಲ್ಲೇ ಕೂತು, ಪ್ರತಿ ಪ್ರಯೋಗದಲ್ಲೂ ಮೊದಲು ಬಂದವಳು. ಪಾಪದ ಹುಡುಗಿ, ಬೆನ್ನು ಮುರಿದು ದುಡಿದಳು. ಬೀದಿಯ ಆ ತುದಿಯ ಮನೆಗಳನ್ನೆಲ್ಲ ತಾನೇ ವಹಿಸಿಕೊಂಡಳು, ಕಾಜಕ್ಕನ ಮನೆ ಅದರಲ್ಲೇ ಇತ್ತು.

ಪರೀಕ್ಷೆ ಮುಗಿಯಿತು. ಇಡೀ ಬೀದಿಯ ನೀರು ಒಂದೇ ತೆರನಾಗಿ ಚೆನ್ನಾಗಿದೆ ಎಂದು ಬಂತು. ಮೇಡಂ ಮಕ್ಕಳನ್ನು ಕರೆದುಕೊಂಡು ಮನೆಮನೆಯ ಬಾಗಿಲಿಗೂ ಹೋಗಿ ತಮ್ಮ ಬಾಯಿಂದಲೇ ಹೇಳಿದರು. ಸಂಶೋಧನೆ ಮಾಡಿ ಬೀರುವಿನಲ್ಲಿಟ್ಟರೆ ಅದು ಸೇವೆ ಹೇಗಾದೀತು ಎಂಬುದು ಅವರ ವಾದ. ಕಾಜಕ್ಕನ ಮನೆಯಲ್ಲಿ ಒಂದು ಲೋಟ ನೀರು ಕೇಳಿ ಗಟಗಟ ಕುಡಿದು ತೋರಿಸಿದರು. ಅವಳ ಮಗಳು ಬಟ್ಟೆ ಫ್ಯಾಕ್ಟರಿಯಲ್ಲಿ ಪಾಳಿಯ ಕೆಲಸಕ್ಕೆ ಹೋಗುವವಳು. ಮಗು ಎಳೆಗೂಸು, ಅಜ್ಜಿಯ ಕೈಯಲ್ಲಿ ಪುಡಿ ಹಾಲು ಕುಡಿದು ಬೆಳೆಯುತ್ತಿತ್ತು.

"ಹಾಗಾದ್ರೆ ಕೂಸಿಗೂ ಇದನ್ನೇ ಕೊಡಬಹುದಾ ಮೇಡಂ?" ಎಂದು ಮಗಳು ಕೇಳಿದಳು.

"ಧಾರಾಳವಾಗಿ ಕೊಡಿ. ಮಗು ಅಲ್ವಾ, ಚೆನ್ನಾಗಿ ಕುದಿಸಿ ಕೊಡಿ, ಸಾಕು."

ಆ ದಿನವೇ ಕ್ಯಾನ್ ನೀರು ನಿಂತಿತು. ಮನೆಗೆ ಹೋಗುವಾಗ ಮೇಡಂಗೆ ತಾವು ಇಷ್ಟು ವರ್ಷ ಮಾಡಿದ ಕೆಲಸಕ್ಕೆ ಇವತ್ತು ಅರ್ಥ ಬಂತು ಅನ್ನಿಸಿತ್ತು. ಆ ಸಂತೋಷದ ಮಾತನ್ನು ಅವರು ಈಗ ಯಾರ ಮುಂದೆಯೂ ಎತ್ತುವುದಿಲ್ಲ.

ಕಾಲೇಜಿನಲ್ಲಿ ಈ ಕೆಲಸವನ್ನು ಎಲ್ಲರೂ ಹಾಡಿ ಹೊಗಳಿದರು. ಬೇರೆ ಕಾಲೇಜಿನವರ ಮುಂದೆ ಇದನ್ನು ವಿವರಿಸಲು ಫಸ್ಟ್ ಬೆಂಚು ಹೋಗುವುದೆಂದಾಯಿತು. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಅವಳಿಂದ ಅಭ್ಯಾಸ ಮಾಡಿಸುತ್ತಿದ್ದರು. ಪರದೆಯ ಮೇಲೆ ಬೀದಿಯ ಮನೆಗಳು ಸಾಲಾಗಿ, ಒಂದೊಂದರ ಮೇಲೆ ಗೊಬ್ಬರ, ಕೊಳಚೆಯಿಂದ ನೀರಿಗಿಳಿಯುವ ನೈಟ್ರೇಟಿನ ಅಳತೆ ತೋರುವ ಚುಕ್ಕಿ. ಎಲ್ಲ ಚುಕ್ಕಿಗಳೂ ಒಂದೇ ಎತ್ತರದಲ್ಲಿ ಶಿಸ್ತಾಗಿ ನಿಂತಿದ್ದವು.

"ತುಂಬ ಚೆನ್ನಾಗಿ ಕೂಡಿ ಬಂದಿದೆ" ಎಂದರು ಮೇಡಂ, ಮೆಚ್ಚುಗೆಯಿಂದಲೇ.

"ಹೌದು ಮೇಡಂ. ಒಂದೇ ಒಂದು ಮನೇದು ಆಚೆ ಹೋಗಿತ್ತು. ಎರಡು ಸಲ ಮಾಡ್ದೆ, ಎರಡು ಸಲಾನೂ ಮಿತಿ ದಾಟಿ ಎಲ್ಲೋ ಮೇಲಕ್ಕೆ ಬಂತು. ನಾನೇ ಎಲ್ಲೋ ಎಡವಟ್ಟು ಮಾಡಿದೀನಿ ಅಂತ ಅಕ್ಕಪಕ್ಕದ ಮನೆದು ನೋಡಿ ಸರಿ ಮಾಡ್ದೆ."

ಅವಳ ಮುಖದಲ್ಲಿ ಅಳುಕಿರಲಿಲ್ಲ. ಒಳ್ಳೆ ಕೆಲಸ ಮಾಡಿದೆ ಎಂಬ ಧೈರ್ಯವೇ ಇತ್ತು. ಮೇಡಂ ಪರದೆಯ ಹತ್ತಿರ ಹೋದರು.

"ಯಾರ ಮನೆದು?"

"ಆ ಗುಂಡಿ ಹಾಕೋ ಆಂಟಿ ಮನೆದು ಮೇಡಂ."

"ಸರಿ ಮಾಡು ಅಂತ ಯಾರು ಹೇಳಿದ್ರು ನಿಂಗೆ?" ಮೇಡಂ ಧ್ವನಿ ಏರಿತು. ಲ್ಯಾಬಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಹುಡುಗಿ ಗಲಿಬಿಲಿಯಾದಳು. ಎದುರುತ್ತರ ಕೊಟ್ಟು ಗೊತ್ತಿಲ್ಲದವಳು, ಕೇಳಿದ್ದಕ್ಕೆ ಉತ್ತರ ಹೇಳಿದಳು ಅಷ್ಟೆ. "ನೀವೇ ಮೇಡಂ. ಫಸ್ಟ್ ಇಯರಲ್ಲಿ ನಂದು ತಪ್ಪು ಬಂದು ಅಳ್ತಿದ್ದೆ. ಅಕ್ಕಪಕ್ಕದವ್ರಿಗೆ ಏನು ಬಂದಿದೆ ನೋಡು, ನಿಂದು ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತೆ, ಸರಿ ಮಾಡ್ಕೋ ಅಂದ್ರಿ."

ಹೇಳಿದ್ದರು. ಅವಳಿಗೊಬ್ಬಳಿಗೇ ಅಲ್ಲ, ಎಷ್ಟೋ ಮಕ್ಕಳಿಗೆ, ತಲೆ ಸವರಿ ಹೇಳಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಕರುವನ್ನು ಬೈದು ಏನು ಪ್ರಯೋಜನ?

ಆದರೆ ಆಗ ತಪ್ಪು ಯಾರದೆಂದು ಲೆಕ್ಕ ಹಾಕುವ ಹೊತ್ತಾಗಿರಲಿಲ್ಲ. ನೈಟ್ರೇಟು ಹೆಚ್ಚಿರುವ ನೀರನ್ನು ದೊಡ್ಡವರು ಒಂದಷ್ಟು ಕುಡಿದರೂ ತಡೆದುಕೊಳ್ಳುತ್ತಾರೆ. ಎಳೆಗೂಸಿನ ರಕ್ತ ಮಾತ್ರ ಅದರಿಂದ ಕೆಡುತ್ತದೆ. ಉಸಿರಾಡಿದ ಗಾಳಿಯನ್ನು ಮೈಗೆ ಹೊತ್ತೊಯ್ಯುವ ಶಕ್ತಿಯೇ ಹೋಗುತ್ತದೆ. ಕುದಿಸಿದರೆ ಹುಳ ಸಾಯುತ್ತದೆ, ನೈಟ್ರೇಟು ಸಾಯುವುದಿಲ್ಲ. ನೀರು ಆವಿಯಾಗಿ ಹೋಗಿ, ಉಳಿದ ನೀರಿನಲ್ಲಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಇದೆಲ್ಲ ಮೇಡಂ ಪ್ರತಿ ವರ್ಷ ಪಾಠ ಮಾಡುತ್ತಿದ್ದ ವಿಷಯವೇ.

ಕಾಜಕ್ಕನ ಫೋನು ಬಡಿದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ತಂಗಿಗೆ ಫೋನ್ ಮಾಡಿದರು.

"ಕಾಜಕ್ಕ ಬಂದಿದ್ಲಾ ಇವತ್ತು?"

"ಎಲ್ಲಿ ಬಂದ್ಲು? ಅಂಗಿಗಳು ಹಾಗೇ ಬಿದ್ದಿವೆ. ಕೂಸು ಯಾಕೋ ಮಂಕಾಗಿದೆಯಂತೆ, ಹಾಲೂ ಸರಿಯಾಗಿ ಕುಡೀತಿಲ್ವಂತೆ. ಯಾಕಕ್ಕ, ಏನಾಯ್ತು?"

ಮೇಡಂ ಫೋನ್ ಇಟ್ಟು ಏಪ್ರನ್ನಿನಲ್ಲೇ ಹೊರಗೆ ಓಡಿದರು. ಆಟೋದಲ್ಲಿ ಕೂತು, ಇದ್ದಬದ್ದ ದೇವರನ್ನೆಲ್ಲ ನೆನೆದರು. ದೇವರನ್ನು ನೆನೆಯುವ ಅಭ್ಯಾಸ ತಪ್ಪಿ ಬಹಳ ಕಾಲವಾಗಿತ್ತು, ಆದ್ದರಿಂದ ಹೆಸರುಗಳು ಸಾಲಾಗಿ ಬರಲಿಲ್ಲ.

ಕಾಜಕ್ಕನ ಮನೆಯ ಒಳಗೆ ಸ್ಟವ್ ಉರಿಯುತ್ತಿತ್ತು. ಪಾತ್ರೆಯಲ್ಲಿ ನೀರು ಕೊತಕೊತ ಕುದಿದು ಅರ್ಧಕ್ಕೆ ಇಳಿದಿತ್ತು. ಕಾಜಕ್ಕ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದಳು.

"ಬನ್ನಿ ಮೇಡಂ. ನೀವು ಹೇಳಿದ ಹಾಗೇ ಚೆನ್ನಾಗಿ ಕುದಿಸಿಯೇ ಕೊಡ್ತಿದೀನಿ, ಆದ್ರೂ ನೋಡಿ ಇದು ಹಿಂಗೆ ಮಾಡ್ತಿದೆ. ತುಟಿ ಬೇರೆ ಕಪ್ಪಾಗಿದೆ. ಅವರಜ್ಜನ ಬಣ್ಣ ಬರ್ತಿದೆಯೇನೋ ಅಂದ್ಕೊಂಡೆ."

ಮಗುವಿನ ತುಟಿ ಕಪ್ಪಾಗಿರಲಿಲ್ಲ, ನೀಲಿಯಾಗಿತ್ತು. ಉಗುರುಗಳೂ ಹಾಗೇ. ಮೇಡಂ ಸ್ಟವ್ ಆರಿಸಿದರು. "ಏಳಿ ಕಾಜಕ್ಕ, ಆಸ್ಪತ್ರೆಗೆ. ಕೇಳಬೇಡಿ, ಏಳಿ."

ಮಕ್ಕಳ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಮೊದಲು ಹೃದಯದ ತೊಂದರೆ ಇರಬಹುದೆಂದು ಸ್ಟೆತಾಸ್ಕೋಪ್ ಹಚ್ಚಿ ನೋಡಿದರು. ಮೂಗಿಗೆ ಆಮ್ಲಜನಕ ಹಿಡಿದರೂ ನೀಲಿ ಹೋಗಲಿಲ್ಲ. ಮೇಡಂ ಬಾವಿ ನೀರು, ನೈಟ್ರೇಟು ಎಂದು ತೊದಲುತ್ತ ಹೇಳಿದಾಗ ಅವರು ಸಿರಿಂಜಿನಲ್ಲಿ ಒಂದಿಷ್ಟು ರಕ್ತ ತೆಗೆದು ಬೆಳಕಿಗೆ ಹಿಡಿದರು. ಕೆಂಪಗಿರಬೇಕಾದದ್ದು ಕಂದು ಬಣ್ಣಕ್ಕಿತ್ತು. ಆಮೇಲೆ ನರ್ಸುಗಳು ಓಡಾಡಿದರು, ಎಲ್ಲಿಂದಲೋ ಕಡುನೀಲಿ ಬಣ್ಣದ ಮದ್ದು ತರಿಸಿ ನಿಧಾನವಾಗಿ ನರಕ್ಕೆ ಬಿಟ್ಟರು. ಅದು ಮಿಥಿಲೀನ್ ಬ್ಲೂ. ಮೇಡಂ ಲ್ಯಾಬಿನ ಕಪಾಟಿನಲ್ಲಿ ಅದೇ ಬಣ್ಣದ ಸೀಸೆ ಇದೆ. ಇದರಿಂದ ಜೀವ ಉಳಿಯುತ್ತದೆ ಎಂದು ಪುಸ್ತಕದಲ್ಲಿ ಓದಿದ್ದರು, ಉಳಿಯಲಿ ಎಂದು ಬಾಗಿಲ ಬಳಿ ನಿಂತು ಬೇಡಿಕೊಂಡದ್ದು ಅವತ್ತೇ.

ಮಗುವಿನ ತುಟಿಗೆ ಬಣ್ಣ ಮರಳುವುದನ್ನು ನೋಡಿ ಡಾಕ್ಟರು ಹೊರಗೆ ಬಂದರು. "ಸರಿಯಾದ ಹೊತ್ತಿಗೆ ತಂದ್ರಿ. ಇನ್ನೂ ಕೆಲವು ದಿನ ಇಲ್ಲೇ ಇರಬೇಕು. ಆ ನೀರನ್ನ ಕುದಿಸಿ ಕುದಿಸಿ ಕೊಡೋಕೆ ಹೇಳಿದ್ಯಾರು?"

ಕಾಜಕ್ಕ ಥಟ್ಟನೆ ನೆಲ ನೋಡಿದಳು. "ಯಾರೋ ತಿಳಿದವ್ರು ಹೇಳಿದ್ರು ಬಿಡಿ ಡಾಕ್ಟ್ರೇ. ಒಳ್ಳೇದಕ್ಕೇ ಹೇಳಿರ್ತಾರೆ."

ತನ್ನ ಮೊಮ್ಮಗು ಒಳಗೆ ಮಲಗಿರುವಾಗ ಅವಳು ಮೇಡಂ ಮಾನ ಕಾಯುತ್ತಿದ್ದಳು. ಮೇಡಂಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ.

"ನಾನೇ ಹೇಳಿದ್ದು" ಎಂದರು. "ನೀರು ಚೆನ್ನಾಗಿದೆ ಅಂತ ಹೇಳಿದ್ದೂ ನಾನೇ. ಚೆನ್ನಾಗಿರಲಿಲ್ಲ ಕಾಜಕ್ಕ. ನಿಮ್ಮ ನೀರಿನ ಅಳತೆ ಜಾಸ್ತಿ ಬಂದಿತ್ತು. ನಮ್ಮ ಹುಡುಗಿ ಅದನ್ನ ಪಕ್ಕದ ಮನೆದರ ಹಾಗೆ ತಿದ್ದಿದ್ಲು. ಹಾಗೆ ತಿದ್ದೋದನ್ನ ಅವಳಿಗೆ ಕಲಿಸಿದ್ದು ನಾನು."

ಕಾಜಕ್ಕನಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ. ಅಷ್ಟರಲ್ಲಿ ಫ್ಯಾಕ್ಟರಿಯ ಕೋಟಿನಲ್ಲೇ ಓಡಿ ಬಂದು ಹಿಂದೆ ನಿಂತಿದ್ದ ಮಗಳಿಗಂತೂ ಆಯಿತು. ಅವಳು ಕೂಗಾಡಲಿಲ್ಲ.

"ಕ್ಯಾನ್ ನೀರು ತರಿಸ್ತಿದ್ದೆನಲ್ಲ ಮೇಡಂ. ನಿಮ್ಮ ಮಾತು ನಂಬಿ ಬಿಟ್ಟೆ" ಎಂದು ಹೇಳಿ ಮಗುವಿನ ಕೋಣೆಗೆ ಹೋದಳು.

ಮಾಡಿದ್ದುಣ್ಣೋ ಮಹಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವರು ಯಾರೋ, ಉಂಡದ್ದು ಹಲ್ಲೂ ಬಾರದ ಕೂಸು.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಬಾಗಿಲು ಹಾಕಿಸಿ ಮಾತಾಡಿದರು. "ಮಗು ಹುಷಾರಾಯ್ತಲ್ಲ ಮೇಡಂ, ದೇವರು ದೊಡ್ಡವನು. ಆ ಒಂದು ಮನೆಗೆ ಹೇಳಿಯೂ ಆಯ್ತು. ಇನ್ನು ಇದನ್ನ ಕೆದಕಬೇಡಿ."

ಒಂದು ಮನೆಯದೇ ಆಗಿದ್ದರೆ ಮೇಡಂ ಕೂಡ ಸುಮ್ಮನಾಗುತ್ತಿದ್ದರೋ ಏನೋ, ಆ ಪುಣ್ಯವನ್ನು ಅವರಿಗೆ ಪುಕ್ಕಟೆ ಕೊಡಲಾರೆ. ಆದರೆ ಅವರು ಮಕ್ಕಳನ್ನೆಲ್ಲ ಕೂರಿಸಿ, ಅಂಕದ ಭಯ ಬೇಡ, ಯಾರ್ಯಾರು ಕೂಡಿಸಿದ್ದೀರಿ ಹೇಳಿ ಎಂದು ಕೇಳಿದ್ದರು. ಮೊದಲು ಹಿಂದಿನ ಸಾಲಿನಲ್ಲಿ ಒಂದು ಕೈ ಎದ್ದಿತು. ಅದರ ಪಕ್ಕ ಇನ್ನೊಂದು. ಕೊನೆಗೆ ಎತ್ತದ ಕೈಗಳೇ ಕಡಿಮೆ ಉಳಿದವು. ಕೆಲವರಿಗೆ ಯಾವ ಮನೆಯದನ್ನು ತಿದ್ದಿದೆವು ಎಂದೇ ನೆನಪಿರಲಿಲ್ಲ. ಅಂದಮೇಲೆ ಆ ಬೀದಿಯ ಯಾವ ಮನೆಯ ನೀರು ಹೇಗಿದೆ ಎಂದು ಈಗ ಯಾರಿಗೂ ಗೊತ್ತಿರಲಿಲ್ಲ. ಬೀದಿಯವರು ಮಾತ್ರ ತಮಗೆ ಗೊತ್ತಿದೆ ಎಂದುಕೊಂಡು ನಿಶ್ಚಿಂತೆಯಿಂದ ಕುಡಿಯುತ್ತಿದ್ದರು.

ತಂಗಿ ಆ ವಾರವೆಲ್ಲ ಅಕ್ಕನ ಜೊತೆ ಸರಿಯಾಗಿ ಮಾತಾಡಲಿಲ್ಲ. ಒಮ್ಮೆ ಮಾತ್ರ ಮಿಷನ್ ನಿಲ್ಲಿಸಿ, "ಆ ಮಾತು ನನ್ನ ಅಂಗಡಿಯಿಂದ ಹೋಗಿದ್ದು ಅಕ್ಕ. ಈಗ ನಾನು ಅವಳ ಮುಖ ಹೇಗೆ ನೋಡಲಿ?" ಎಂದಳು. ಮೇಡಂ ಬಗ್ಗಿ ನೆಲದ ಮೇಲಿನ ಬಟ್ಟೆಯ ಚೂರುಗಳನ್ನು ಆಯತೊಡಗಿದರು.

ಪ್ರಿನ್ಸಿಪಾಲರ ಮಾತು ಮೀರಿ ಮೇಡಂ ಮತ್ತೆ ಆ ಬೀದಿಗೆ ಹೋದರು, ಫಸ್ಟ್ ಬೆಂಚನ್ನು ಮಾತ್ರ ಕರೆದುಕೊಂಡು. ಈ ಸಲ ನೀರನ್ನು ಲ್ಯಾಬಿಗೆ ಒಯ್ಯುವುದು ಬೇಡ, ಅವರವರ ಮನೆಯ ಮುಂದೆಯೇ ಎಲ್ಲರೂ ನೋಡುವ ಹಾಗೆ ಪರೀಕ್ಷೆ ಮಾಡುವುದೆಂದು ಸಣ್ಣ ಪೆಟ್ಟಿಗೆಯಲ್ಲಿ ಸಾಮಾನು ತಂದಿದ್ದರು. ಸುದ್ದಿ ಅವರಿಗಿಂತ ಮುಂಚೆ ಬಂದು ಕೂತಿತ್ತು. ಮೊದಲ ಮನೆಯಲ್ಲಿ ಬಾಗಿಲು ತೆರೆಯಲಿಲ್ಲ. ಎರಡನೆಯ ಮನೆಯ ಹೆಂಗಸು, "ಅವತ್ತು ಒಳ್ಳೇದು ಅಂದ್ರಿ, ಇವತ್ತು ಕೆಟ್ಟದ್ದು ಅಂತೀರಾ, ನಾಳೆ ಏನಂತೀರೋ. ನಮ್ಮ ನೀರು ನಮಗಿರಲಿ ಬಿಡಿ" ಎಂದಳು. ಅವಳಿಗೆ ದಿನ ತುಂಬಿತ್ತು, ನಾಳೆಯೋ ನಾಡಿದ್ದೋ ಎಂಬಂತಿದ್ದಳು. ಅವಳ ಬಾಗಿಲಲ್ಲಿ ಮೇಡಂ ತುಂಬ ಹೊತ್ತು ನಿಂತು ಅಂಗಲಾಚಿದರು. ಜಗಲಿಯ ಮೇಲಿದ್ದ ಮುದುಕರು ಇವರನ್ನು ಕಂಡು ಮುಖ ತಿರುಗಿಸಿದರು, ಅಳಿಯನ ಮಾತೆತ್ತಲಿಲ್ಲ. ಫಸ್ಟ್ ಬೆಂಚು ದಾರಿಯುದ್ದಕ್ಕೂ ಒಳಗೊಳಗೇ ಅಳುತ್ತಿದ್ದಳು.

ಕಾಜಕ್ಕ ಬಾವಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ಇವರನ್ನು ನೋಡಿ ಎದ್ದು ಕೈ ಒರೆಸಿಕೊಂಡಳು. ಬನ್ನಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ಬಾವಿಯ ಮಗ್ಗುಲಲ್ಲೇ ಹಿಂದೆ ದನದ ಕೊಟ್ಟಿಗೆಯಿತ್ತೆಂದೂ ಅದರ ಗೊಬ್ಬರದ ಗುಂಡಿಯನ್ನು ಮುಚ್ಚಿ ನೆಲ ಮಾಡಿದ್ದೆಂದೂ ಅವಳೇ ಹೇಳಿದಳು. ಮೊದಲ ಸಲ ಬಂದಾಗ ಇದನ್ನು ಯಾರೂ ಅವಳನ್ನು ಕೇಳಿರಲಿಲ್ಲ.

ಅಕ್ಕಪಕ್ಕದ ಕಿಟಕಿಗಳಲ್ಲಿ ಮುಖಗಳು ಕಾಣಿಸಿಕೊಂಡವು. ದಿನ ತುಂಬಿದ ಆ ಹೆಂಗಸೂ ತನ್ನ ಬಾಗಿಲಿಗೆ ಬಂದು ನಿಂತಳು. ಕಾಜಕ್ಕ ತಾನೇ ನೀರು ಸೇದಿ ಹುಡುಗಿಯ ಸೀಸೆಗೆ ಸುರಿದಳು. ಹುಡುಗಿ ಅದಕ್ಕೆ ಪುಡಿ ಹಾಕಿ ಕುಲುಕಿದಳು. ಬಣ್ಣ ಕಡುವಾದಷ್ಟೂ ನೈಟ್ರೇಟು ಹೆಚ್ಚು ಎಂದರ್ಥ. ನೀರು ತೆಳು ಗುಲಾಬಿಯಾಯಿತು, ಆಮೇಲೆ ಕಡುವಾಗುತ್ತ ಹೋಗಿ ಗಾಢ ಕೆಂಪಿನ ಹತ್ತಿರ ನಿಂತಿತು. ಹುಡುಗಿ ಸೀಸೆಯನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು ಅಳತೆ ನೋಡಿದಳು, ಹೇಳುವ ಮೊದಲು ಮೇಡಂ ಮುಖ ನೋಡಿದಳು. ಮೇಡಂ ಅವಳ ಕಡೆ ನೋಡಲಿಲ್ಲ.

ಸೀಸೆ ಹಿಡಿದ ಹುಡುಗಿಯ ಕೈಯನ್ನು ಕಾಜಕ್ಕ ತನ್ನ ಒದ್ದೆ ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡಳು.

"ನೀನ್ಯಾಕಮ್ಮ ಹೆದರ್ತೀಯ? ಕುಡಿದವ್ರು ನಾವು. ಎಷ್ಟು ಬಂತು, ಎಲ್ಲರಿಗೂ ಕೇಳೋ ಹಾಗೆ ಹೇಳು."